ಎಳೆದು ತಂದ ಕಾರು

ಸುರೇಖಾಳ ಕಾರು ಮೊದಲು ಮುನಿಸು ತೋರಿಸಿದ್ದು ಕನಕಗಿರಿಯ ತಾಲೂಕು ಕಚೇರಿಯ ಎದುರು. ಸಂಜೆ ಕೆಲಸ ಮುಗಿಸಿ ಬಂದು, ಗೇರಿನ ಹಿಡಿಕೆಯನ್ನು ಡಿ ಎಂಬಲ್ಲಿಗೆ ಎಳೆದು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚಿಕೊಂಡಿತೇ ಹೊರತು ಗಾಡಿ ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಜಗ್ಗಿ ಮುಂದಕ್ಕೆ ಹಾರಿತು. ಕೆಲವು ದಿನ ಹೀಗೇ ನಡೆಯಿತು. ಕೊನೆಗೊಂದು ಬೆಳಗ್ಗೆ ಹುಲಿಹೈದರದ ಮನೆಯಂಗಳದಲ್ಲಿ ಜಪ್ಪಯ್ಯ ಎಂದರೂ ಕದಲಲಿಲ್ಲ.

ಅದು ಕ್ಲಚ್ ಇಲ್ಲದ ಕಾರು, ಗೇರು ತನ್ನಷ್ಟಕ್ಕೆ ತಾನೇ ಬದಲಾಗುವಂಥದ್ದು. ಸುರೇಖಾಳ ಎಡಗಾಲು ಕೂಸಿದ್ದಾಗಲೇ ಪೋಲಿಯೊಗೆ ಹೋಗಿತ್ತು. ಬಲಗಾಲೊಂದರಲ್ಲೇ ಓಡಿಸಬಹುದಾದ ಗಾಡಿ ಬೇಕೆಂದು ಅವಳಪ್ಪ ದೊಡ್ಡಬಸಪ್ಪ ಊರೂರು ಅಲೆದು, ಯಾರೋ ಸಾಕಷ್ಟು ಓಡಿಸಿ ಬಿಟ್ಟಿದ್ದ ಇದನ್ನು ಹುಡುಕಿ ತಂದಿದ್ದ. ಅದಕ್ಕೂ ಮೊದಲು ಅವಳು ಬಸ್ಸು ಹತ್ತಬೇಕೆಂದರೆ ಯಾರಾದರೂ ರಟ್ಟೆ ಹಿಡಿಯಬೇಕು. ಹಿಡಿದವರು ಸುಮ್ಮನಿರುತ್ತಾರೆಯೇ? ಎಲ್ಲಿಗೆ, ಯಾಕೆ, ಮದುವೆ ಆಗಿದೆಯೇ ಎಂದು ಕೇಳಿಯೇ ಕೈ ಬಿಡುತ್ತಿದ್ದರು. ಕಾರು ಬಂದ ಮೇಲೆ ಆ ಬಾಯಿಗಳೆಲ್ಲ ಬಂದ್ ಆದವು. ರವಿವಾರ ಅವಳು ಒಬ್ಬಳೇ ಆನೆಗೊಂದಿಯ ತನಕ ಹೋಗಿ, ಹೊಳೆದಂಡೆಯಲ್ಲಿ ಗಾಡಿ ನಿಲ್ಲಿಸಿ, ಗಾಜು ಇಳಿಸಿಕೊಂಡು ಕೂತು ಬರುತ್ತಿದ್ದಳು. ಏನು ಮಾಡಿ ಬಂದೆ ಎಂದರೆ ಹೇಳಲು ಏನೂ ಇರುತ್ತಿರಲಿಲ್ಲ. ಆ ಏನೂ ಇಲ್ಲದ್ದೇ ಅವಳಿಗೆ ಬೇಕಾಗಿದ್ದದ್ದು.

ಗಂಗಾವತಿಯ ಜಿಲಾನಸಾಬನಿಗೆ ಫೋನ್ ಮಾಡಿದಳು. ಇಂಥ ಗಾಡಿ ಬಿಚ್ಚುವ ಮಿಸ್ತ್ರಿ ಅವಳಿಗೆ ಗೊತ್ತಿದ್ದವನು ಅವನೊಬ್ಬನೇ. ಆತ ಲಕ್ಷಣವನ್ನೆಲ್ಲ ಕೇಳಿಕೊಂಡು, ಗೇರ್‌ಬಾಕ್ಸಿನ ಎಣ್ಣೆ ಎಲ್ಲೋ ಸೋರಿರಬೇಕು, ಗಾಬರಿ ಬೇಡ, ಕಾರನ್ನು ಹೇರಿಕೊಂಡು ಬರಲು ಲಾರಿ ಕಳಿಸುತ್ತೇನೆ, ಎರಡು ದಿನ ತಡೆಯಿರಿ ಎಂದ. ಹೇರಿಕೊಂಡೇ ಯಾಕೆ ಬರಬೇಕು ಎಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ದೊಡ್ಡಬಸಪ್ಪನಿಗೆ ಈ ಮಾತು ಕೇಳಿ ನಗು ಬಂತು. ಟ್ರ್ಯಾಕ್ಟರ್ ಇರುವ ಮನುಷ್ಯನಿಗೆ ಲೋಕದ ಗಾಡಿಗಳೆಲ್ಲ ಕರುಗಳ ಹಾಗೆ, ಹಗ್ಗ ಕಟ್ಟಿ ಜಗ್ಗಿದರೆ ಬರಲೇಬೇಕು. ಊರಲ್ಲಿ ಯಾರ ಜೀಪು ಕೆಟ್ಟರೂ, ಯಾರ ಲಾರಿ ರಾಡಿಯಲ್ಲಿ ಹೂತರೂ ಎಳೆದು ದಡ ಮುಟ್ಟಿಸಿದವನು ಅವನೇ. ಅಂಥವನ ಮಗಳ ಕಾರು ಬಾಡಿಗೆ ಲಾರಿಯಲ್ಲಿ ಹೋಗುವುದೆಂದರೆ ಮೂಗು ಕೊಯ್ದ ಹಾಗೆ.

"ಮನ್ಯಾಗ ಟ್ರ್ಯಾಕ್ಟರ್ ಇಟ್ಕೊಂಡು ಮಂದಿ ಲಾರಿಗೆ ಕಾಯೂದೇನವಾ? ನೀ ನ್ಯೂಟ್ರಲ್ ಮಾಡಿ ಸ್ಟೇರಿಂಗ್ ಹಿಡಿ, ಸಾಕು" ಎಂದ.

ಸುರೇಖಾಳಿಗೂ ಸುಮ್ಮನೆ ರಜೆ ಕಳೆಯುವ ಮನಸ್ಸಿರಲಿಲ್ಲ. ಹ್ಞೂಂ ಅಂದಳು.

ದಾರಿಯುದ್ದಕ್ಕೂ ಅವನು ತೋರಿಸಿದ ಜಾಗ್ರತೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ರಸ್ತೆಯುಬ್ಬು ಬಂದಾಗಲೆಲ್ಲ ಹಿಂತಿರುಗಿ ಕೈಸನ್ನೆ ಮಾಡುವನು, ತಿರುವು ಬಂದರೆ ನಿಧಾನಿಸಿ ಮಗಳ ಮುಖ ನೋಡುವನು. ಬಂಪರಿಗೆ ಒಂದು ಗೀರೂ ಬೀಳಲಿಲ್ಲ. ಕನಕಗಿರಿ ದಾಟಿದ ಮೇಲೆ ಸುರೇಖಾಳ ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯಿತು. ಟ್ರ್ಯಾಕ್ಟರಿನ ಹೊಗೆ ಇರಬೇಕೆಂದು ಗಾಜು ಏರಿಸಿಕೊಂಡಳು.

ಗಂಗಾವತಿಯ ಗ್ಯಾರೇಜು ಮುಟ್ಟಿದಾಗ, ಕಾರಿನ ಮುಂದಿದ್ದ ಹಗ್ಗ ನೋಡಿದವನೇ ಜಿಲಾನಸಾಬ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ದೊಡ್ಡಬಸಪ್ಪ ಟ್ರ್ಯಾಕ್ಟರನ್ನು ನೆರಳಿಗೆ ನಿಲ್ಲಿಸಲು ಹೋಗಿದ್ದ. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ನೋಡಿದರೆ ಕರ್ರಗೆ ಸೀದುಹೋಗಿತ್ತು, ಅದರ ತುಂಬ ಲೋಹದ ಪುಡಿ. ಜಿಲಾನಸಾಬ ದನಿ ತಗ್ಗಿಸಿ ವಿವರಿಸಿದ. ಸೋರಿದ್ದು ಒಂದು ರಬ್ಬರ್ ಪೈಪು, ಅದನ್ನು ಬದಲಿಸಿ ಎಣ್ಣೆ ತುಂಬಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇಂಥ ಗಾಡಿಯಲ್ಲಿ ಎಂಜಿನ್ ತಿರುಗಿದರೆ ಮಾತ್ರ ಗೇರ್‌ಬಾಕ್ಸಿನೊಳಗೆ ಎಣ್ಣೆ ಆಡುತ್ತದೆ. ಎಂಜಿನ್ ಬಂದ್ ಇಟ್ಟು ಇಷ್ಟು ದೂರ ಚಕ್ರ ಉರುಳಿಸಿಕೊಂಡು ಬಂದರೆ ಒಳಗಿನದೆಲ್ಲ ಒಣಒಣ ತಿರುಗಿ ಸುಟ್ಟುಹೋಗುತ್ತದೆ.

"ಈ ಮಾಡೆಲ್ ಬಂದ್ ಆಗಿ ಭಾಳ ದಿನ ಆತ್ರಿ ಅಕ್ಕಾರ. ಬ್ಯಾರೆ ಗೇರ್‌ಬಾಕ್ಸ್ ಎಲ್ಲೂ ಸಿಗೂದಿಲ್ಲ" ಎಂದ. "ಲಾರಿ ಯಾಕಂತ ನಾನಽ ಬಿಡಿಸಿ ಹೇಳಬೇಕಿತ್ತು."

ಸುರೇಖಾ ಹೊರಗೆ ನೋಡಿದಳು. ಅಪ್ಪ ಹಗ್ಗ ಸುತ್ತುತ್ತ, ಒಂದು ಗೀರೂ ಬೀಳದ ಹಾಗೆ ಕಾರು ತಂದದ್ದನ್ನು ಪಕ್ಕದ ಅಂಗಡಿಯವನಿಗೆ ಬಣ್ಣಿಸುತ್ತಿದ್ದ. ಅವಳಿಗೆ ಅಳು ಬಂತು. ಕಾರಿಗಾಗಿ ಬಂದದ್ದೋ ಅಪ್ಪನಿಗಾಗಿ ಬಂದದ್ದೋ ಅವಳಿಗೇ ತಿಳಿಯಲಿಲ್ಲ. ಗಾಡಿಗೆ ವಯಸ್ಸಾಗಿತ್ತು, ಹೋಯಿತು ಎಂದಷ್ಟೇ ಅಪ್ಪನಿಗೆ ಹೇಳಿ ಎಂದು ಜಿಲಾನಸಾಬನನ್ನು ಬೇಡಿಕೊಂಡಳು. ಆತ ಹಾಗೆಯೇ ಹೇಳಿದ.

ಮತ್ತೆ ಬಸ್ಸು ಬಂತು, ರಟ್ಟೆ ಹಿಡಿಯುವವರು ಬಂದರು, ಮದುವೆಯ ಪ್ರಶ್ನೆಯೂ ಬಂತು. ಆನೆಗೊಂದಿ ನಿಂತುಹೋಯಿತು. ಹೊಸ ಕಾರಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತುವಷ್ಟು ದುಡ್ಡೂ ಇರಲಿಲ್ಲ. ದೊಡ್ಡಬಸಪ್ಪ ಆಗಾಗ, ಹಳೇ ಗಾಡಿ ತಾನೇ, ಎಷ್ಟು ದಿನ ಬಂದೀತು ಎಂದು ಮಗಳಿಗೆ ಸಮಾಧಾನ ಹೇಳುತ್ತಿದ್ದ. ಅವಳು ಹೌದೆನ್ನುತ್ತಿದ್ದಳು. ಹೇಳುತ್ತ ಹೇಳುತ್ತ ಆ ಸುಳ್ಳು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಮುಂಗಾರು ಬಿತ್ತನೆಯ ಹೊತ್ತಿಗೆ ಒಂದು ಬೆಳಗ್ಗೆ ನೆರೆಮನೆಯ ಹೇಮಪ್ಪ ಓಡಿಬಂದ. ಊರಿಗೆ ಹೊಸದಾಗಿ ಬಂದಿದ್ದ ದನದ ಡಾಕ್ಟರಮ್ಮನ ಕಾರು ಊರ ಅಗಸಿಬಾಗಿಲ ಹತ್ತಿರ ನಿಂತುಬಿಟ್ಟಿದೆ, ಅದೂ ಸುರೇಖಾಳ ಕಾರಿನ ಹಾಗೆ ಕ್ಲಚ್ ಇಲ್ಲದ್ದು, ಗಂಗಾವತಿಗೆ ಮುಟ್ಟಿಸಬೇಕು ಎಂದ. ದೊಡ್ಡಬಸಪ್ಪನ ಮುಖ ಅರಳಿತು. ಹಗ್ಗ ಹೆಗಲಿಗೇರಿಸಿ ಟ್ರ್ಯಾಕ್ಟರ್ ಹತ್ತಿ ಚಾಲೂ ಮಾಡಿದ.

ಸುರೇಖಾ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಬಾಯಿ ಮುಚ್ಚಿಕೊಂಡರೆ ಆ ಹೆಣ್ಣುಮಗಳ ಗಾಡಿ ಹಾಳು, ಬಾಯಿ ಬಿಟ್ಟರೆ ಅಪ್ಪನ ಜೀವಕ್ಕೆ ಕೊರಗು. ಯೋಚಿಸುತ್ತ ನಿಲ್ಲಲು ಪುರುಸೊತ್ತಿರಲಿಲ್ಲ.

"ಅಪ್ಪಾ, ಎಳೀಬ್ಯಾಡ" ಎಂದಳು. "ಆ ಗಾಡಿ ಎಳದ್ರ ಒಳಗ ಸುಟ್ಟು ಹೋಗತೈತಿ. ಲಾರ್ಯಾಗ ಹೇರಿ ಒಯ್ಯಬೇಕು."

"ನಿನಗ ಯಾರು ಹೇಳಿದ್ರು?"

"ಜಿಲಾನಸಾಬ."

ಯಾವಾಗ ಹೇಳಿದ ಎಂದು ಅವನು ಕೇಳಲಿಲ್ಲ. ಲಾರಿಗೆ ಫೋನ್ ಮಾಡು ಎಂದು ಹೇಮಪ್ಪನನ್ನು ಕಳಿಸಿಕೊಟ್ಟ. ಎಂಜಿನ್ ಆರಿಸಿದ, ಆದರೆ ಇಳಿಯಲಿಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡ. ಆಮೇಲೆ ಮಗಳ ಕಡೆ ನೋಡದೆಯೇ ಕೇಳಿದ.

"ಹಂಗಾದ್ರ ನಿನ್ನ ಕಾಲು ನಾನಽ ಮುರದ್ನೇನವಾ?"

ಅಲ್ಲ ಎನ್ನಲು ಸುರೇಖಾ ಬಾಯಿ ತೆರೆದಳು. ಇಷ್ಟು ದಿನ ಸಲೀಸಾಗಿ ಬರುತ್ತಿದ್ದ ಸುಳ್ಳು ಅವತ್ತು ಬರಲಿಲ್ಲ. ಅವನು ಉತ್ತರಕ್ಕೆ ಕಾಯುತ್ತ ಕೂತ, ಅವಳು ಗೋಡೆ ಹಿಡಿದು ಅಳುತ್ತ ನಿಂತಳು.