ಕಸ್ತೂರಮ್ಮನ ಮರಿಗಳು

ಸೂರ್ಯನ ಕುದುರೆ ಅನ್ನುತ್ತಾರಲ್ಲ, ಮುಂಗಾಲು ಜೋಡಿಸಿ ಕೈಮುಗಿದು ಕೂರುವ ಹಸಿರು ಹುಳ, ಅದೆಂದರೆ ದ್ಯಾಮಮ್ಮನಿಗೆ ಜೀವ. ರೇಡಿಯೊಗೂ ಲೈಸೆನ್ಸು ಬೇಕಿದ್ದ ಕಾಲ. ನ್ಯಾಮತಿಯ ಆ ಓಣಿಯಲ್ಲಿ ಬೇರೆ ಹೆಂಗಸರು ಗಿಳಿ ಸಾಕಿದರೆ, ಇವಳು ಕಂದೀಲಿನ ಗಾಜಿಗೆ ಬಟ್ಟೆ ಕಟ್ಟಿ ಒಳಗೆ ಭೈರನನ್ನು ಸಾಕಿದ್ದಳು. ಇರುವೆಯಷ್ಟಿದ್ದಾಗ ತುಳಸಿ ಗಿಡದಲ್ಲಿ ಸಿಕ್ಕವನು. ಬಾಳೆಹಣ್ಣಿನ ಸಿಪ್ಪೆ ಕೊಳೆಸಿ, ಅದಕ್ಕೆ ಮುತ್ತುವ ಸಣ್ಣ ನೊಣ ಹಿಡಿದು ತಿನ್ನಿಸಿ ದೊಡ್ಡವನನ್ನು ಮಾಡಿದ್ದಳು. ಕರೆದರೆ ಕತ್ತು ವಾರೆ ಮಾಡಿ ನೋಡುತ್ತಿದ್ದ. "ನೋಡ್ರಿ, ಮಾತು ಕೇಳ್ತಾನೆ" ಎಂದು ಬಂದವರಿಗೆಲ್ಲ ಹೇಳುವಳು. ಕೇಳಿಸುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ನಡುಗೋಡೆಯ ಆಚೆ ವಾರಗಿತ್ತಿ ಕಸ್ತೂರಮ್ಮ. ಅಕ್ಕ ಮಾಡಿದ್ದನ್ನೆಲ್ಲ ತಾನೂ ಮಾಡಬೇಕು ಅವಳಿಗೆ. ಅವಳೂ ಒಂದು ಹೆಣ್ಣು ಹುಳ ಸಾಕಿದಳು. ಒಂದು ಸಂಜೆ ಬಂದು, "ಅಕ್ಕ, ಎಮ್ಮೆಗೆ ಕೋಣ ಬಿಡ್ಸಲ್ವಾ? ಹಂಗೇ ನಿನ್ನ ಭೈರನ್ನ ಒಂದಿನ ಕೊಡು, ಮರಿ ಮಾಡ್ಸಾಕೆ" ಎಂದಳು.

"ಕೊಡ್ತೀನಿ. ಆದ್ರೆ ಮೊದ್ಲು ನಿನ್ನ ಹೆಣ್ಣಿಗೆ ಹೊಟ್ಟೆ ಬಿರಿಯಂಗೆ ತಿನ್ಸು. ಹಸಿದಿದ್ರೆ ಗಂಡನ್ನೇ ತಿಂತಾಳೆ."

"ಆತಕ್ಕ, ತಿನ್ಸ್ತೀನಿ."

ತಿನ್ನಿಸಿದಳೇ? ಟೆಂಟ್ ಸಿನಿಮಾಕ್ಕೆ ಹೋಗುವ ಗಡಿಬಿಡಿಯಲ್ಲಿ ಮರೆತು, ಭೈರನನ್ನು ಹಸಿದ ಹೆಣ್ಣಿನ ಜೊತೆ ಬಿಟ್ಟು ಹೋದಳು ಮಹರಾಯ್ತಿ. ಬೆಳಿಗ್ಗೆ ಗಾಜಿನಲ್ಲಿ ಉಳಿದಿದ್ದು ಭೈರನ ರೆಕ್ಕೆ ಮಾತ್ರ. ಮರೆತಿದ್ದನ್ನಾದರೂ ಕ್ಷಮಿಸಬಹುದಿತ್ತು. ಆಕೆ ನಕ್ಕುಬಿಟ್ಟಳು. "ಅಯ್ಯ, ಹುಳಕ್ಕೆ ಹಿಂಗ್ ಅಳ್ತಾರೇನಕ್ಕ?" ಎಂದಳು. ದ್ಯಾಮಮ್ಮನ ಮೈಯೆಲ್ಲ ಉರಿದುಹೋಯಿತು. ನಿನ್ನನ್ನೂ ಅಳಿಸದಿದ್ದರೆ ನಾನು ದ್ಯಾಮಮ್ಮನೇ ಅಲ್ಲ ಎಂದು ಹಲ್ಲು ಕಚ್ಚಿ ಒಳಗೆ ಹೋದಳು.

ಹೆಣ್ಣು ಹುಳ ಕಡ್ಡಿಗೆ ನೊರೆಯಂಥ ಮೊಟ್ಟೆಗೂಡು ಕಟ್ಟಿ, ಕೆಲವು ದಿನಕ್ಕೆ ಸತ್ತಿತು. ತಿಂಗಳಾದ ಮೇಲೆ ಗೂಡಿನಿಂದ ದಾರದೆಳೆಯಂಥ ಮರಿಗಳು ಬುಳುಬುಳು ಇಳಿದವು. ಕಸ್ತೂರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಣಿಯವರನ್ನೆಲ್ಲ ಕರೆದು ತೋರಿಸಿದಳು, ಆಮೇಲೆ ಇಲ್ಲಿಗೆ ಓಡಿ ಬಂದಳು.

"ಇಷ್ಟೊಂದು ಅದಾವಲ್ಲಕ್ಕ, ಹೆಂಗ್ ಸಾಕೋದು? ಬ್ಯಾರೆ ಬ್ಯಾರೆ ಇಡ್ಬೇಕಾ?"

ಬೇರೆ ಬೇರೆ ಇಡದಿದ್ದರೆ ಒಂದನ್ನೊಂದು ತಿನ್ನುತ್ತವೆ. ಹಿಂದೊಮ್ಮೆ ಕೈಸುಟ್ಟುಕೊಂಡಿದ್ದ ದ್ಯಾಮಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು.

"ಯಾಕ್ ಬ್ಯಾರೆ? ಒಡಹುಟ್ಟಿದವು, ಒಟ್ಟಿಗೇ ಇರ್ಲಿ ಬಿಡು" ಎಂದಳು.

ದಿನಾ ಒಂದು ನೆಪ ಮಾಡಿಕೊಂಡು ಆಚೆ ಹೋಗಿ ನೋಡಿದಳು. ಮರಿಗಳು ಕಡಿಮೆಯಾದಷ್ಟೂ ಇವಳಿಗೆ ಊಟ ರುಚಿಸತೊಡಗಿತು. ಪಾಪ ಅನ್ನಿಸಿತೇ? ಸುಳ್ಳೇಕೆ, ಒಂದಿಷ್ಟೂ ಅನ್ನಿಸಲಿಲ್ಲ. ಎಮ್ಮೆ ಇದ್ದವರಿಗೇ ಕರು ಸೇರುವುದು, ಕೋಣ ಕೊಟ್ಟವರು ಕೇಳುವ ಹಾಗಿಲ್ಲ. ಊರಲ್ಲಿ ಹಾಗೇ ನಡೆದುಕೊಂಡು ಬಂದಿತ್ತು. ಅವು ಕಸ್ತೂರಮ್ಮನ ಮರಿಗಳು, ಸಾಯಲಿ.

ಕೊನೆಗೊಂದು ಮಧ್ಯಾಹ್ನ ಕಸ್ತೂರಮ್ಮ ಗಾಜು ಹಿಡಿದು ಬಿಕ್ಕುತ್ತ ಬಂದಳು. ಒಂದೇ ಮರಿ ಉಳಿದಿತ್ತು. ಅಳು, ಇನ್ನೂ ಅಳು ಎಂದು ದ್ಯಾಮಮ್ಮ ಒಳಗೊಳಗೇ ಹಿಗ್ಗಿದಳು.

"ಅವತ್ತು ನಾನು ನಗಬಾರದಿತ್ತಕ್ಕ. ಭೈರನ ಮರಿ ಅಲ್ವಾ ಇವು? ಎಲ್ಲಾನೂ ದೊಡ್ಡವು ಮಾಡಿ ನಿನಗೇ ಕೊಡ್ಬೇಕು ಅಂತಿದ್ದೆ. ಇದೊಂದೇ ಉಳೀತು, ತಗೋ."

ಭೈರನ ಮರಿ. ಇಷ್ಟು ದಿನ ಆ ಮಾತು ದ್ಯಾಮಮ್ಮನಿಗೆ ಹೊಳೆದೇ ಇರಲಿಲ್ಲ. ಗಾಜು ಇಸಿದುಕೊಂಡಳು. "ಭೈರಾ" ಎಂದಳು.

ಮರಿ ಕತ್ತು ವಾರೆ ಮಾಡಿ ಅವಳನ್ನೇ ನೋಡಿತು. ಅದರ ಹೊಟ್ಟೆ ಗುಂಡಗೆ ತುಂಬಿತ್ತು.