ಉಜ್ಜಿನಪ್ಪನಿಗೆ ಒಣ ಜಾಗ

ಮೂರನೇ ಕುಣಿಯಲ್ಲೂ ನೀರು ಬಂತು. ಸುಂಕಣ್ಣ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಮೇಲೆ ಹತ್ತಿ, ಗುದ್ದಲಿಯನ್ನು ಬದುವಿಗೆ ಒರಗಿಸಿ, ಯಾರ ಮುಖವನ್ನೂ ನೋಡದೆ ಬೀಡಿ ಹಚ್ಚಿದ. ಮೊದಲನೆಯ ಕುಣಿಯನ್ನು ಹೊಲದ ಮೂಲೆಯಲ್ಲಿ ತೋಡಿದ್ದ. ಅಲ್ಲಿ ಎರಡು ಅಡಿಗೇ ಒರತೆ. ಎರಡನೆಯದು ಬೇವಿನ ಬುಡದಲ್ಲಿ, ಮೂರು ಅಡಿಗೆ. ಈಗ ಬದುವಿನ ಪಕ್ಕದಲ್ಲೂ ಅದೇ ಕತೆ. ಲಿಂಗವಂತರ ಹೆಣ ಕೂರಿಸುವ ಕುಣಿಗೆ ಆಳುದ್ದವಾದರೂ ಬೇಕು. ಅಷ್ಟು ಆಳದ ಒಣ ಮಣ್ಣು ತೀರಿಕೊಂಡ ಉಜ್ಜಿನಪ್ಪನ ಒಂದೂವರೆ ಎಕರೆಯಲ್ಲಿ ಎಲ್ಲೂ ಇರಲಿಲ್ಲ.

ದೊಡ್ಡಬಸಪ್ಪ ತನ್ನ ಕಣದ ಅಂಚಿನಲ್ಲಿ, ಹುಲ್ಲಿನ ಬಣವೆಗೆ ಬೆನ್ನು ಕೊಟ್ಟು ನಿಂತು ಇದನ್ನೆಲ್ಲ ನೋಡುತ್ತಿದ್ದ. ಮಣ್ಣಿಗೆ ಬಂದವನು ಜನರ ನಡುವೆ ನಿಲ್ಲಬೇಕು. ಅವನು ಮಾತ್ರ ತನ್ನ ಹೊಲದ ಗಡಿ ದಾಟಿರಲಿಲ್ಲ. ತೋಡುವವರು ಮೂಲೆಯಿಂದ ಬೇವಿಗೆ, ಬೇವಿನಿಂದ ಬದುವಿಗೆ ಸರಿದು ಸರಿದು ತನ್ನ ಕಡೆಗೇ ಬರುತ್ತಿರುವುದನ್ನು ಲೆಕ್ಕ ಇಟ್ಟಿದ್ದ. ನೀರು ನಿಜವಾಗಿಯೂ ಬಂತೋ, ಅಥವಾ ಇವರೇ ಬಂತೆಂದು ಹೇಳುತ್ತಿದ್ದಾರೋ ಎಂದು ಎರಡು ಸಲ ಕತ್ತು ಚಾಚಿ ನೋಡಿಯೂ ಇದ್ದ. ಬಂದಿತ್ತು.

ಅನುಮಾನಂ ಪೆದ್ದರೋಗಂ, ಅನುಮಾನವೇ ದೊಡ್ಡ ರೋಗ, ಎನ್ನುವ ತೆಲುಗು ಮಾತು ಸಿರುಗುಪ್ಪದ ಸೀಮೆಯಲ್ಲಿ ಕನ್ನಡದವರಿಗೂ ಬಾಯಿಪಾಠ. ದೊಡ್ಡಬಸಪ್ಪನಿಗೆ ಆ ರೋಗ ಹತ್ತಿ ಹದಿನಾರು ವರ್ಷವಾಗಿತ್ತು. ಅದರ ಮೂಲ ಅವನು ನಿಂತಿದ್ದ ನೆಲದಲ್ಲೇ ಇತ್ತು.

ಆ ನೆಲ ಮೂವತ್ತು ಸೆಂಟು. ರಾಜರ ಕಾಲದ ಕಲ್ಲುಕಟ್ಟಿನ ಕಾಲುವೆಯೊಂದು ಹೊಳೆಯಿಂದ ಹೊರಟು, ಕೆಂಚನಗುಡ್ಡದ ದಾರಿ ಬಳಸಿ, ಇಲ್ಲಿಂದಲೇ ಹಾದು ಹೋಗುತ್ತಿತ್ತು. ಡ್ಯಾಮಿನ ಹೊಸ ಕಾಲುವೆ ಬಂದ ಮೇಲೆ ಹಳೆಯದನ್ನು ಕೇಳುವವರಿಲ್ಲ. ಬಾಯಿಗೆ ಹೂಳು ತುಂಬಿತು, ಹೊಟ್ಟೆಯಲ್ಲಿ ಜಾಲಿ ಬೆಳೆಯಿತು. ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ದೊಡ್ಡಬಸಪ್ಪ ಬಂಡಿ ಕಟ್ಟಿಕೊಂಡು, ಎರಡು ತಿಂಗಳು ಗುಡ್ಡದ ಗರಸು ಮಣ್ಣು ಹೇರಿ, ತನ್ನ ಹೊಲದ ಪಾಲಿನ ಕಾಲುವೆಯನ್ನು ಮುಚ್ಚಿಬಿಟ್ಟ. ಎತ್ತರದ, ಗಟ್ಟಿಯಾದ, ಮಳೆ ಬಂದರೂ ನೀರು ನಿಲ್ಲದ ಜಾಗ. ಅಲ್ಲಿ ಕಣ ಮಾಡಿದ, ಬಣವೆ ಒಟ್ಟಿದ. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವನಿಗೆ ಮೊದಲ ಅನುಮಾನ.

*

ಉಜ್ಜಿನಪ್ಪ ಹೊಸ ಕಾಲುವೆಯಲ್ಲಿ ಲಸ್ಕರ್ ಆಗಿದ್ದವನು. ಸೈಕಲ್ಲಿನ ಮೇಲೆ ಹೋಗಿ ತೂಬು ಎತ್ತುವುದು, ಇಳಿಸುವುದು, ಯಾರ ಪಾಳಿಯ ನೀರು ಯಾರು ಕದ್ದರೆಂದು ಜಗಳ ಬಿಡಿಸುವುದು, ಇಷ್ಟರಲ್ಲೇ ಸುಮಾರು ಇಪ್ಪತ್ತು ವರ್ಷ ಕಳೆದವನು. ಎಪ್ಪತ್ತೊಂದರಲ್ಲಿ ರಿಟೈರಾದ ಮರು ತಿಂಗಳೇ ಒಂದು ಸನಿಕೆ, ಒಂದು ಪುಟ್ಟಿ ಹಿಡಿದು ಹಳೇ ಕಾಲುವೆಯ ಬಾಯಿಯಲ್ಲಿ ಇಳಿದ. ಜೊತೆಗೆ ಅವನ ಹಾಗೆಯೇ ಲಸ್ಕರ್ ಆಗಿದ್ದ ದಾವಲಸಾಬ. ಇಬ್ಬರಿಗೂ ವಯಸ್ಸಾಗಿತ್ತು. ಇಬ್ಬರನ್ನೂ ನೋಡಿ ಊರು ನಕ್ಕಿತು.

ಅಮಾವಾಸ್ಯೆಯ ದಿನ ಈ ಕಡೆ ಯಾರೂ ಎತ್ತು ಹೂಡುವುದಿಲ್ಲ. ಗಂಡಸರು ಕಟ್ಟೆಯ ಮೇಲೆ ಕುಳಿತು ಹೊತ್ತು ಕಳೆಯುತ್ತಾರೆ. ಉಜ್ಜಿನಪ್ಪ ಆ ಕಟ್ಟೆಗೆ ಹೋಗಿ, ರಜೆ ಎತ್ತಿಗೆ ಕೊಟ್ಟದ್ದು, ನಿಮಗೆ ಕೊಟ್ಟವರು ಯಾರು ಎಂದು ಕೇಳಿದ. ಅರ್ಧ ದಿನದ ಬಿಟ್ಟಿ ಕೆಲಸ, ಮಧ್ಯಾಹ್ನಕ್ಕೆ ಅವನ ಹೆಂಡತಿ ಚನ್ನವೀರಮ್ಮನ ಕೈಯ ರೊಟ್ಟಿ, ಪುಂಡಿಪಲ್ಲೆ. ಮೊದಲ ಅಮಾವಾಸ್ಯೆಗೆ ನಾಲ್ಕು ಜನ ಬಂದರು. ವರ್ಷ ತುಂಬುವುದರೊಳಗೆ ಮೂವತ್ತು ಜನ.

ಊರಿಗೆಲ್ಲ ಅದು ರೊಟ್ಟಿಯ ಊಟ, ದೊಡ್ಡಬಸಪ್ಪನಿಗೆ ನಿಧಿಯ ವಾಸನೆ. ರಾಜರ ಕಾಲುವೆ, ಅದೂ ಅಮಾವಾಸ್ಯೆಯ ದಿನವೇ ತೋಡುವುದೆಂದರೆ ಸುಮ್ಮನೆ ಅಲ್ಲ. ಎರಡು ಅಮಾವಾಸ್ಯೆ ಅವನೂ ಪುಟ್ಟಿ ಹಿಡಿದು ಹೋದ, ಜನ ಊಟಕ್ಕೆ ಕೂತಾಗ ಹೂಳಿನ ಗುಡ್ಡೆಗಳನ್ನು ಕಾಲಿನಿಂದ ಕೆದರಿ ನೋಡಿದ. ಬಸವನಹುಳದ ಚಿಪ್ಪು, ಒಡೆದ ಗಡಿಗೆಯ ಕಂಠ, ಎಮ್ಮೆಯ ಕೊಂಬು ಸಿಕ್ಕವು. ಚಿನ್ನ ಸಿಗದೆ ಹೋದದ್ದರಿಂದ ಅನುಮಾನ ಇಳಿಯಲಿಲ್ಲ, ಬೇರೆ ದಾರಿ ಹಿಡಿಯಿತು.

ಏಕೆಂದರೆ ಉಜ್ಜಿನಪ್ಪ ಹೂಳು ತೆಗೆಯುತ್ತಿದ್ದ, ಆದರೆ ಆಪು ಹುಲ್ಲಿನ ಪೊದೆ ಬಂದ ಕಡೆ ಸುತ್ತು ಹಾಕುತ್ತಿದ್ದ. ಗೀಜಗಗಳು ಗೂಡು ಕಟ್ಟಿವೆ, ಅವು ಮರಿ ಹಾರಿಸುವವರೆಗೆ ಯಾರೂ ಕೈ ಹಚ್ಚಬಾರದು ಎನ್ನುತ್ತಿದ್ದ. ದಂಡೆ ಕುಸಿಯದಂತೆ ಲಕ್ಕಿ ಗಿಡ ನೆಡಿಸಿದ. ಹೂಳು ತೆಗೆದ ಕಡೆ ನೀರು ಬಂದ ಎರಡನೇ ವರ್ಷ ಹೊಳೆಯಿಂದ ನೀರುನಾಯಿಯೊಂದು ಹತ್ತಿ ಬಂದಿತೆಂದು ದಾವಲಸಾಬನನ್ನು ಎಳೆದುಕೊಂಡು ಹೋಗಿ ತೋರಿಸಿದನಂತೆ. ಭತ್ತ ಬೆಳೆಯುವವನು ಭತ್ತ ತಿನ್ನುವ ಹಕ್ಕಿಯನ್ನು ಸಾಕುತ್ತಾನೆಂದರೆ ಅದನ್ನು ಯಾರು ನಂಬಬೇಕು? ಆಪು ಚಾಪೆಯವರಿಗೆ ಮಾರಲು, ಲಕ್ಕಿ ಗಿಡ ಗಡಿ ಗುರುತಿಗೆ ಎಂದು ದೊಡ್ಡಬಸಪ್ಪ ತೀರ್ಮಾನಿಸಿದ. ಗಿಡಗಳ ಸಾಲು ವರ್ಷಕ್ಕೆ ಎರಡು ಫರ್ಲಾಂಗಿನಂತೆ ತನ್ನ ಕಣದ ಕಡೆಗೆ ಬರುತ್ತಿತ್ತು.

*

ಮಧ್ಯಾಹ್ನದ ಬಸ್ಸಿಗೆ ಕುರುಗೋಡಿನಿಂದ ಉಜ್ಜಿನಪ್ಪನ ಮಗಳು ಗುರುಬಸಮ್ಮ ಬಂದಳು. ಅವಳಿಗಾಗಿಯೇ ಕಾದಿದ್ದರು. ಮನೆಯಲ್ಲಿ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನನ್ನು ನೋಡಿ ಅತ್ತು, ಆಮೇಲೆ ಕುಣಿಯ ಸುದ್ದಿ ತಿಳಿದು, ದಾವಲಸಾಬನ ಜೊತೆ ನೇರ ಹೊಲಕ್ಕೇ ನಡೆದು ಬಂದಳು. ಜನರ ನಡುವೆ ಒಂದಿಬ್ಬರು ಊರ ಮಸಣಕ್ಕೇ ಒಯ್ಯೋಣ ಎನ್ನುತ್ತಿದ್ದರು. ಉಳಿದವರು ನೆಲ ನೋಡಿದರು. ಹೊಲ ಇದ್ದವನು ತನ್ನ ಹೊಲದಲ್ಲೇ ಮಣ್ಣಾಗುವುದು ಇಲ್ಲಿಯ ರೂಢಿ. ಮಸಣ ಇರುವುದು ಭೂಮಿ ಇಲ್ಲದವರಿಗೆ, ಹೊಲ ಮಾರಿಕೊಂಡವರಿಗೆ.

ಗುರುಬಸಮ್ಮ ಗಡಿಯ ಬದು ದಾಟಿ ಬಣವೆಯ ಹತ್ತಿರ ಬರುತ್ತಿದ್ದಂತೆ ದೊಡ್ಡಬಸಪ್ಪ ಬಣವೆ ಬಿಟ್ಟು ನೆಟ್ಟಗೆ ನಿಂತ. ಬಂತಲ್ಲ, ಎಂದುಕೊಂಡ. ಬದುಕಿದ್ದಾಗ ಕೇಳದೆ ಬಿಟ್ಟದ್ದನ್ನು ಸತ್ತ ಮೇಲೆ ಮಗಳ ಬಾಯಲ್ಲಿ ಕೇಳಿಸುತ್ತಿದ್ದಾನೆ.

"ಚಿಗಪ್ಪ, ಈ ಸುತ್ತಿನಾಗ ಒಣ ಜಾಗ ಅಂದ್ರ ನಿಂದೊಂದ ಐತಿ," ಎಂದಳು. "ಕಣದ ಮೂಲಿಯಾಗ ಆರು ಮೊಳ ಕೊಡು. ಮಸಣಕ್ಕ ಒಯ್ದ್ರ ನಾಳಿ ನಮ್ಮಪ್ಪನ್ನ ಹೊಲ ಇಲ್ಲದಾಂವ ಅಂತಾರ. ನಮ್ಮವ್ವ ತಡಕೊಳ್ಳಂಗಿಲ್ಲ."

ಅವನು ದಾವಲಸಾಬನ ಕಡೆ ತಿರುಗಿ, ಅಷ್ಟು ಒಳ್ಳೆಯ ಹೊಲ ಹೀಗೆ ಹೇಗಾಯಿತು ಎಂದು ಕೇಳಿದ. ಕೇಳುವಾಗಲೂ ಅದರಲ್ಲಿ ಏನೋ ಹೂಟ ಇರಬೇಕೆಂದೇ ಅವನ ಲೆಕ್ಕ.

ದಾವಲಸಾಬ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಕಾಲುವಿ ನೆಟ್ಟಗ ಹರಿಯಾಕ ಹುಟ್ಟಿದ್ದು ಬಸಪ್ಪಣ್ಣ. ಇಲ್ಲಿ ಬಂದು ಡೊಂಕ ತಿರಗ್ಯಾದ. ತಿರುವಿನಾಗ ನೀರು ನಿಂತು, ಅವನ ಹೊಲಕ್ಕ ಇಳದು ಜವುಳು ಹಿಡೀತು. ಮೂರು ವರ್ಷ ಆತು, ಅರ್ಧ ಹೊಲ ಬಿತ್ತಿಲ್ಲ ಅವ."

ಉಜ್ಜಿನಪ್ಪನ ಹೊಲದಲ್ಲಿ ಆಪು ಎದ್ದದ್ದನ್ನು ದೊಡ್ಡಬಸಪ್ಪ ಮೂರು ವರ್ಷದಿಂದ ನೋಡುತ್ತಲೇ ಇದ್ದ. ಚಾಪೆಯ ವ್ಯಾಪಾರಕ್ಕೆ ಬೆಳೆಸಿದ್ದಾನೆಂದು ಊರಿಗೆಲ್ಲ ಹೇಳಿದ್ದವನೂ ಅವನೇ. ಬಿತ್ತದ ಹೊಲವನ್ನು ಬಿತ್ತದ ಹೊಲವೆಂದು ನೋಡುವ ಕಣ್ಣು ಅವನಿಗೆ ಇರಲಿಲ್ಲ.

*

ಎಪ್ಪತ್ತೈದರಲ್ಲಿ, ಅಮಾವಾಸ್ಯೆಯ ಹಿಂದಿನ ದಿನ, ಉಜ್ಜಿನಪ್ಪ ಇದೇ ಕಣಕ್ಕೆ ಬಂದಿದ್ದ. ಹಿಂದೆ ದಾವಲಸಾಬ ಇದ್ದ. ಹೂಳೆತ್ತುವ ಕೆಲಸ ಕಣದಿಂದ ಐವತ್ತು ಹೆಜ್ಜೆಯವರೆಗೆ ಬಂದಿತ್ತು. ಉಜ್ಜಿನಪ್ಪ ಕುಕ್ಕರಗಾಲಿನಲ್ಲಿ ಕುಳಿತು, ಬೆಳೆಯ ಮಾತಾಡಿ, ಸಿರುಗುಪ್ಪದ ಮಿಲ್ಲಿನ ದರದ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದ.

"ಕಾಲುವಿ ಈ ಕಡೆಲೆ ಹೋಗಿತ್ತು ಅಂತ ನನ್ನ ನೆನಪು. ನಿನ್ನ ನೆನಪು ಏನೈತಿ?"

ಇಬ್ಬರೂ ಅದೇ ಕಾಲುವೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವರು. ಬಿಡು ಎನ್ನಲಿಲ್ಲ, ಕೊಡು ಎನ್ನಲಿಲ್ಲ, ನೆನಪು ಕೇಳಿದ. ದೊಡ್ಡಬಸಪ್ಪ ದಾವಲಸಾಬನನ್ನು ನೋಡಿದ. ಸಾಕ್ಷಿಗೆ ಕರೆತಂದಿದ್ದಾರೆ ಎಂದು ಹೊಳೆದದ್ದೇ ತಡ, ಅಂಗಿಯೊಳಗೆ ಕೈ ಹಾಕಿ ಕೊರಳ ಲಿಂಗ ಹಿಡಿದ.

"ಈ ಲಿಂಗದಾಣಿ, ಇಲ್ಲಿ ಯಾವ ಕಾಲುವಿನೂ ಇರಲಿಲ್ಲ."

ಉಜ್ಜಿನಪ್ಪ ಎದ್ದು ಧೋತರದ ಹೊಟ್ಟು ಝಾಡಿಸಿದ. "ಹಂಗಾರ ನನ್ನ ನೆನಪ ತಪ್ಪಿರಬೇಕು," ಎಂದ. ಮರುದಿನ ಮೂವತ್ತು ಜನ ಬಂದು, ಕಾಲುವೆ ಇಲ್ಲಿ ನೆಟ್ಟಗೆ ಹೋಗಿತ್ತಲ್ಲ ಎಂದಾಗ, ಲಿಂಗ ಹಿಡಿದು ಹೇಳಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ ಎಂದು ಎಲ್ಲರ ಬಾಯಿ ಮುಚ್ಚಿಸಿದ. ತನ್ನ ಹೊಲದ ನಡುವೆ ತಾನೇ ಹಗ್ಗ ಹಿಡಿದು ಕಾಲುವೆ ತಿರುಗಿಸಲು ಸುಣ್ಣದ ಗೆರೆ ಎಳೆದ. ಮುಂದಿನ ಊರಿನವರೆಗೆ ನೀರು ಹೋಯಿತು. ತಿರುವು ಉಜ್ಜಿನಪ್ಪನ ಪಾಲಿಗೆ ಉಳಿಯಿತು.

ದೊಡ್ಡಬಸಪ್ಪನಿಗೆ ಅದು ಬಲೆಯಾಗಿ ಕಂಡಿತು. ನಾಳೆ ಸರ್ಕಾರದವರನ್ನು ಕರೆತಂದು, ಈ ಡೊಂಕು ಏಕೆ ಬಂತು ನೋಡಿ ಎಂದು ತೋರಿಸಲಿಕ್ಕೇ ಮಾಡಿದ್ದಾನೆ. ಮೂರು ವರ್ಷ ಅವನು ನೋಟೀಸಿಗೆ ಕಾದ. ಅರ್ಜಿಯೇನಾದರೂ ಬಿದ್ದಿದೆಯೇ ಎಂದು ಸಿರುಗುಪ್ಪದ ಕಚೇರಿಯಲ್ಲಿ ವಿಚಾರಿಸಿದ, ಬಸ್ಸು ಹತ್ತಿ ಬಳ್ಳಾರಿಗೂ ಹೋಗಿ ಬಂದ. ಎಲ್ಲೂ ಏನೂ ಇರಲಿಲ್ಲ. ಬಾರದ ನೋಟೀಸು ಬಂದ ನೋಟೀಸಿಗಿಂತ ಹೆಚ್ಚು ನಿದ್ದೆ ಕೆಡಿಸಿತು.

*

"ಮೂಲಿಯಾಗ ಮಾಡ್ರಿ," ಎಂದ ದೊಡ್ಡಬಸಪ್ಪ ಕೊನೆಗೆ. ಗುರುಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೈಮುಗಿದಳು. ಅವನು ಅದನ್ನು ನೋಡದವನಂತೆ ಕಣದ ಪಡುವಣ ಮೂಲೆಗೆ ನಡೆದು ಹೋಗಿ ಜಾಗ ತೋರಿಸಿದ. ಕರುಣೆ ಇರಲಿಲ್ಲವೆಂದಲ್ಲ, ಆದರೆ ಕರುಣೆಯ ಜೊತೆಗೇ ಲೆಕ್ಕವೂ ಇತ್ತು. ಆ ಮೂಲೆ ಹಳೆಯ ಕಲ್ಲುಕಟ್ಟಿನ ಆಚೆಗೆ ಬರುತ್ತದೆ, ಏನೂ ಹೊರಬೀಳುವುದಿಲ್ಲ ಎಂದು ಅವನು ಗುಣಿಸಿದ್ದ.

ಎರಡು ಅಡಿಗೆ ಸುಂಕಣ್ಣನ ಗುದ್ದಲಿ ಖಣ್ಣೆಂದಿತು. ಎರಡು ಮೊಳ ಸರಿದು ತೋಡಿದ, ಮತ್ತೆ ಕಲ್ಲು. ಮಣ್ಣು ಬಳಿದಾಗ ಉಳಿಯ ಗೆರೆಗಳಿದ್ದ, ಒಂದರ ಪಕ್ಕ ಒಂದು ಕೂಡಿಸಿದ ಉದ್ದನೆಯ ಕಲ್ಲುಗಳು ಕಂಡವು. ಅಷ್ಟರಲ್ಲಿ ಭಜನೆಯವರೂ ಹೆಣ ಕೂರಿಸಿದ ವಿಮಾನ ಹೊತ್ತವರೂ ಕಾಲುವೆಯ ದಂಡೆಯ ಮೇಲೆ ಬಂದು ನಿಂತಿದ್ದರು. ಅಮಾವಾಸ್ಯೆಯ ಮೂವತ್ತು ಜನರೂ ಅವರಲ್ಲಿದ್ದರು. ಅವರೆಲ್ಲ ಇಂಥ ಕಲ್ಲನ್ನು ಏಳು ವರ್ಷ ಕೈಯಾರೆ ತೊಳೆದವರು. ಒಬ್ಬನೂ ಅದರ ಹೆಸರು ಹೇಳಲಿಲ್ಲ. ತಾಳದ ಸದ್ದು ತಾನಾಗಿ ನಿಂತಿತು.

"ಬಂಡಿಗಲ್ಲ ಅದಾವ್ರಿ," ಎಂದ ಸುಂಕಣ್ಣ, ಎಲ್ಲರ ಪರವಾಗಿ ಸುಳ್ಳು ಹೇಳುವವನಂತೆ. "ಹೊತ್ತು ಇಳೀತು. ಮಸಣಕ್ಕ ನಡೀರಿ."

ಅವರು ತನ್ನನ್ನು ಉಳಿಸುತ್ತಿದ್ದಾರೆ ಎಂದು ದೊಡ್ಡಬಸಪ್ಪನಿಗೆ ಅರ್ಥವಾಯಿತು. ಉಜ್ಜಿನಪ್ಪ ಕಲಿಸಿ ಹೋದ ಮರ್ಯಾದೆ ಅದು. ಇದರಲ್ಲಿ ಹೂಟ ಎಲ್ಲಿದೆ ಎಂದು ಅವನ ಮನಸ್ಸು ಅಭ್ಯಾಸದಂತೆ ತಡಕಾಡಿತು, ಸಿಗಲಿಲ್ಲ. ವಿಮಾನ ಹೊತ್ತವರು ಆಗಲೇ ಊರ ಕಡೆ ಮುಖ ತಿರುಗಿಸಿದ್ದರು. ಅವನಿಗೆ ನಾಚಿಕೆಯಾಯಿತು, ಹದಿನಾರು ವರ್ಷ ಆಗದ ನಾಚಿಕೆ ಒಟ್ಟಿಗೆ ಆಯಿತು.

"ತಡೀರಿ," ಎಂದ.

ಕಲ್ಲಿನ ಸಾಲಿಗೆ ಹಿಮ್ಮಡಿ ತಾಗಿಸಿ ನಿಂತು, ಮೂಡಣ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿದ. ಬಣವೆಯ ಪಕ್ಕ ನಿಂತು ಕಾಲಿನಿಂದಲೇ ನೆಲದ ಮೇಲೆ ಗೆರೆ ಎಳೆದ. "ಇಲ್ಲಿ ತೋಡು. ಇಲ್ಲಿ ಕಲ್ಲಿಲ್ಲ. ತಳದ ತನಕ ಬರೇ ಗರಸ ಐತಿ."

"ನಿನಗ ಹೆಂಗ ಗೊತ್ತು?" ಸುಂಕಣ್ಣ ಬಾಯಿ ತಪ್ಪಿ ಕೇಳಿಬಿಟ್ಟ.

ದೊಡ್ಡಬಸಪ್ಪ ಮಂತ್ರ ಹೇಳಲು ಬಂದ ಅಯ್ಯನವರ ಕಡೆ ನೋಡಲಿಲ್ಲ. ಕೊರಳಿನ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನಾನ ತುಂಬೀನಿ," ಎಂದ. "ಎರಡೂ ಕಡಿ ಕಲ್ಲು, ನಡುವ ಕಾಲುವಿ. ನಾನ ಮುಚ್ಚೀನಿ."

ಗರಸು ಸಡಿಲವಾಗಿತ್ತು. ಆಳುದ್ದದ ಕುಣಿಗೆ ಒಂದು ತಾಸೂ ಹಿಡಿಯಲಿಲ್ಲ. ತಳದಲ್ಲಿ ಹಳೆಯ ಕಾಲುವೆಯ ನುಣ್ಣನೆಯ ಮರಳು ಸಿಕ್ಕಿತು, ಒಣಗಿ ಬೆಳ್ಳಗಾಗಿತ್ತು. ಉಜ್ಜಿನಪ್ಪನನ್ನು ಇಳಿಸಿ ಅದರ ಮೇಲೆ ಕೂರಿಸಿದರು. ವಿಭೂತಿ, ಪತ್ರೆ, ಉಪ್ಪು ಬಿದ್ದವು. ಅಯ್ಯನವರ ಮಂತ್ರ ಮುಗಿಯಿತು.

ಮೇಲೆ ನಿಂತಿದ್ದ ದಾವಲಸಾಬ ದೊಡ್ಡಬಸಪ್ಪನ ಪಕ್ಕ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು.

"ಇನ್ನ ಕಾಲುವಿ ಈ ದಾರಿಲೆ ಬರಂಗಿಲ್ಲ ಬಸಪ್ಪಣ್ಣ. ಗದ್ದಿಗಿ ಒಡದು ಯಾರು ತೋಡತಾರ? ನಿನ್ನ ಜಾಗ ನಿನಗ ಉಳೀತು."

ಹೌದಲ್ಲ ಎಂದು ಅವನಿಗೂ ಹೊಳೆಯಿತು. ಇನ್ನು ಯಾವ ನೋಟೀಸೂ ಬರುವುದಿಲ್ಲ, ಯಾವ ಅಮಾವಾಸ್ಯೆಯ ಸನಿಕೆಯೂ ಈ ಕಡೆ ತಿರುಗುವುದಿಲ್ಲ. ಮೂವತ್ತು ಸೆಂಟನ್ನು ಕಾಯಲು ಉಜ್ಜಿನಪ್ಪನೇ ಕುಳಿತಿದ್ದಾನೆ. ಇಷ್ಟು ವರ್ಷ ಬೇಡಿಕೊಂಡಿದ್ದ ನೆಮ್ಮದಿ ಇದೇ. ಅದು ಬಂದು ಎದೆಯ ಮೇಲೆ ಕಲ್ಲಿನಂತೆ ಕೂತಿತು.

ಜನ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದರು. ದೊಡ್ಡಬಸಪ್ಪನೂ ಬಗ್ಗಿ ಒಂದು ಹಿಡಿ ಎತ್ತಿಕೊಂಡ. ತಾನೇ ಬಂಡಿಯಲ್ಲಿ ಹೇರಿ ತಂದ ಕೆಂಪು ಗರಸು. ಇದೇ ಕೈ, ಇದೇ ಮಣ್ಣು, ಇದೇ ಜಾಗ. ಹಿಂದಿನವರು ಅವನನ್ನು ಸುತ್ತಿಕೊಂಡು ಮುಂದೆ ಹೋದರು. ಸುಂಕಣ್ಣ ಸನಿಕೆಯಿಂದ ಉಳಿದ ಮಣ್ಣು ಎಳೆದು, ಗುಡ್ಡೆ ಮಾಡಿ, ನೀರು ಚಿಮುಕಿಸಿ ತಟ್ಟಿದ. ಜನ ಕೈಕಾಲು ತೊಳೆಯಲು ಕಾಲುವೆಯ ತಿರುವಿಗೆ ಇಳಿದರು.

"ನಿಂದೊಂದ ಉಳೀತು ಚಿಗಪ್ಪ," ಎಂದಳು ಗುರುಬಸಮ್ಮ.

ದೊಡ್ಡಬಸಪ್ಪ ಮುಷ್ಟಿಯನ್ನು ಗುಡ್ಡೆಯ ಮೇಲಕ್ಕೆ ಚಾಚಿದ. ಬೆರಳುಗಳು ಬಿಚ್ಚಲಿಲ್ಲ. ಅವಳು ಕಾದು ನೋಡಿ, ತಾಯಿಯ ಕಡೆ ನಡೆದಳು. ಅವನು ಹಾಗೆಯೇ ಕೈ ಚಾಚಿಕೊಂಡು ನಿಂತಿದ್ದ. ಬೆರಳ ಸಂದಿಯಿಂದ ಗರಸು ಒಂದೊಂದೇ ಕಾಳಾಗಿ ಅವನ ಪಾದದ ಮೇಲೆಯೇ ಬೀಳುತ್ತಿತ್ತು.