ಕರೆಂಟಿಲ್ಲದ ಗುಡಿಗೆ ಫ್ಯಾನು

"ದೀಪಕ್ಕ ಎಣ್ಣಿ ಇಲ್ಲದ ಗುಡಿಗಿ ಫ್ಯಾನ್ ಹಾಕಸ್ತಿ? ನಿನ್ನ ತಲ್ಯಾಗೇನು ಡಾಂಬರ್ ತುಂಬ್ಯದೇನು?"

ಗುರುಬಾಯಿ ಜೋಳದ ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ಬಡಿದ ರಭಸಕ್ಕೆ ಪಕ್ಕದ ಜೋಪಡಿಯ ತಗಡೂ ಝಣ್ ಎಂದಿತು. ಗಂಡ ಬಸವಂತರಾಯ ಮಾತ್ರ ಅಲುಗಲಿಲ್ಲ. ಕಿಸೆಯಲ್ಲಿ ಹಣವಿಟ್ಟುಕೊಂಡ ಗಂಡಸು ಹೆಂಡತಿಯ ಮಾತಿಗೆ ಅಲುಗಿದರೆ ಹಣಕ್ಕೇ ಅವಮಾನ.

"ಕರೆಂಟ್ ಬರ್ತದ. ಸರ್ಕಾರದವರು ಕಂಬ ಹುಗದು ಹೋಗ್ಯಾರ."

"ಕಂಬ ಹುಗದು ಆರು ವರ್ಷಾತು. ಈಗ ಅದಕ್ಕ ಎಮ್ಮಿ ಕಟ್ಟಲಕತ್ತಾರ."

"ಬಾಯಿ ಮುಚ್ಚು. ದೇವರ ಕೆಲಸಕ್ಕ ಅಡ್ಡ ಬರಬ್ಯಾಡ."

"ಯಾಕ, ಸೆಕಿ ಆಗ್ಲಕತ್ತದ ಅಂತ ದೇವರು ನಿನಗ ಟಪಾಲ್ ಹಾಕ್ಯಾನೇನು?"

ಬಸವಂತರಾಯ ಮುನಿಸಿಪಾಲಿಟಿಯ ರಸ್ತೆ ಗ್ಯಾಂಗಿನಲ್ಲಿ ಡಾಂಬರು ಸುರಿಯುವವನು. ಪಗಾರ ಏರಿಸಿದ್ದೇವೆ ಎಂದು ಮೇಲಿನವರು ಹೇಳಿ ಎರಡು ವರ್ಷವಾದ ಮೇಲೆ, ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಏರಿದ ಪಗಾರದ ಹಿಂಬಾಕಿ ಒಟ್ಟಿಗೆ ಕೈಗೆ ಬಂದಿತ್ತು. ಐನೂರು ರೂಪಾಯಿ. ದೊಡ್ಡವರು ಇದನ್ನು ಹಣ ಎನ್ನುವುದಿಲ್ಲ. ಧಾರಾವಿಯಲ್ಲಿ ಇಷ್ಟು ಬಂದರೆ ಮಾತು ಬಿಟ್ಟ ದಾಯಾದಿಯೂ ಬಂದು ಆರೋಗ್ಯ ವಿಚಾರಿಸುತ್ತಾನೆ.

ಫ್ಯಾನಿನ ಹುಚ್ಚು ಅವನ ತಲೆಗೆ ಹತ್ತಿದ್ದು ಹಿಂದಿನ ವರ್ಷ. ಅವನ ಜತೆಗೇ ಊರು ಬಿಟ್ಟು ಪುಣೆ ಸೇರಿದ ಗುರಲಿಂಗಪ್ಪ ಊರ ಗುಡಿಗೆ ಒಂದು ಹಿತ್ತಾಳೆ ಗಂಟೆ ಕೊಟ್ಟು, ಅದರ ಮೇಲೆ ತನ್ನ ಹೆಸರು ಕೆತ್ತಿಸಿದ್ದ. ಊರಿಗೆ ಹೋದಾಗ ಬಸವಂತರಾಯ ದೇವರ ಮುಂದೆ ನಿಲ್ಲುವ ಮೊದಲು ಆ ಗಂಟೆ ಬಾರಿಸಬೇಕಾಯಿತು. ದೇವರಿಗೆ ಕೈ ಮುಗಿದನೋ ಇಲ್ಲವೋ, ಹೊಟ್ಟೆಯಲ್ಲಿ ಬೆಂಕಿ ಹಚ್ಚಿಕೊಂಡು ಬಂದ. ಗಂಟೆ ಬಾಗಿಲಲ್ಲಿ ತೂಗುತ್ತದೆ, ಫ್ಯಾನು ದೇವರ ತಲೆಯ ಮೇಲೇ ತೂಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಗುರುಬಾಯಿಯ ಲೆಕ್ಕ ಬೇರೆ. ಕುರ್ಲಾದ ಕಡೆ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಅವಳು ಹನ್ನೆರಡು ವರ್ಷದಿಂದ ತಲೆಯ ಮೇಲೆ ಜಲ್ಲಿಕಲ್ಲು, ಸಿಮೆಂಟು ಹೊರುತ್ತಿದ್ದಳು. ಈಗೊಂದು ವರ್ಷದಿಂದ ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ದವಾಖಾನೆಯ ಡಾಕ್ಟರು ಕುತ್ತಿಗೆ ಒತ್ತಿ ನೋಡಿ, ಇನ್ನು ಭಾರ ಹೊತ್ತರೆ ಕೈಯೂ ಬೀಳುತ್ತದೆ ಎಂದಿದ್ದ. ಭಾರ ಹೊರದೆ ಏನು ತಿನ್ನಬೇಕು ಎಂಬುದು ಅವನ ಇಲಾಖೆಯಲ್ಲ, ಆದ್ದರಿಂದ ಹೇಳಿರಲಿಲ್ಲ.

ಅವಳಿಗೆ ತಿಳಿದಿದ್ದ ದಾರಿ ಒಂದೇ. ಹಿಂದಿನ ಗಲ್ಲಿಯಲ್ಲಿ ಚರ್ಮದ ಕಾರ್ಖಾನೆಗೆ ಹೋಗುವ ಎಂಟು ಜನ ಒಂಟಿ ಗಂಡಸರು ಒಂದೇ ಖೋಲಿಯಲ್ಲಿದ್ದರು. ಕೆಲಸದಿಂದ ಬಂದ ಮೇಲೆ ಅವರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಅಂಥವರು ಧಾರಾವಿಯಲ್ಲಿ ನೂರಾರು ಮಂದಿ, ಪಾವು ಬ್ರೆಡ್ಡು ತಿಂದು ಊರ ರೊಟ್ಟಿಯ ಕನಸು ಕಾಣುವವರು. ರಸ್ತೆಯ ಮೂಲೆಯಲ್ಲಿ ಒಂದು ಖೋಲಿ ಸಿಕ್ಕರೆ ಖಾನಾವಳಿ ಇಡಬಹುದು. ಖೋಲಿಯೂ ಸಿಕ್ಕಿತ್ತು. ಸುಂದ್ರವ್ವ ಎಂಬ ಮುದುಕಿ ದಹಿಸರಿನ ಮಗಳ ಮನೆಗೆ ಹೊರಟಿದ್ದಳು. ಮುನ್ನೂರು ಡಿಪಾಜಿಟ್ಟು, ಭಾನುವಾರದೊಳಗೆ. ಫ್ಯಾನು, ಅದರ ಬಣ್ಣ, ಊರಿಗೆ ಸಾಗಿಸುವ ಖರ್ಚು ಕಳೆದರೆ ಐನೂರರಲ್ಲಿ ಅಷ್ಟು ಉಳಿಯುತ್ತಿರಲಿಲ್ಲ. ಇಲ್ಲದಿದ್ದರೆ ಒಬ್ಬ ಟೇಲರ್ ಕಾಯುತ್ತಿದ್ದ.

"ನಿನಗ ಕಾಮಣಿ ಬ್ಯಾನಿ ಆಗಿ ಮಲಗಿದಾಗ ಎರಡು ಪಾಳಿ ಹೊತ್ತವಳು ನಾನು. ಆ ರೊಕ್ಕದಾಗ ನನ್ನ ಕುತ್ತಿಗಿನೂ ಅದ," ಎಂದಳು ಗುರುಬಾಯಿ.

"ಸೈ, ದೈವ ಕೂಡಸ್ತೀನಿ. ಅವರು ಹೇಳಿದಂಗ ಆಗ್ಲಿ," ಎಂದ ಬಸವಂತರಾಯ.

ಊರ ಕಡೆ ಹಿರಿಯರು ನಾಲ್ಕು ಜನ ತೀರ್ಪಿಗೆ ಕೂತರೆ ಅದಕ್ಕೆ ದೈವ ಎನ್ನುತ್ತಾರೆ. ಧಾರಾವಿಯಲ್ಲೂ ದೈವವಿತ್ತು. ಊರಲ್ಲಿ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದದ್ದು ಇಲ್ಲಿ ಬೋರಲು ಹಾಕಿದ ಡಾಂಬರಿನ ಡಬ್ಬಿಗಳ ಮೇಲೆ ಕೂರುತ್ತಿತ್ತು, ಅಷ್ಟೇ ವ್ಯತ್ಯಾಸ. ಅದರ ಮುಖ್ಯಸ್ಥ ಮುರಿಗೆಪ್ಪ. ಅವನೇ ಬಸವಂತರಾಯನ ಗ್ಯಾಂಗಿನ ಮುಕಾದಮ, ಹಾಜರಿ ಹಾಕಿ ಕೆಲಸ ಹಚ್ಚುವವನು. ತೀರ್ಪು ಯಾರ ಕಡೆ ಬೀಳುತ್ತದೆ ಎಂದು ಕೇಳುವುದು ದಡ್ಡತನ.

ದೈವದ ಮುಂದೆ ಹೆಂಗಸರು ಕೂರುವಂತಿಲ್ಲ. ಗುರುಬಾಯಿ ಬಾಗಿಲಲ್ಲಿ ನಿಂತಳು. ಚಹಾ ಕೊಡುವಾಗ ಮಾತ್ರ ಒಳಗೆ ಬರಬಹುದಿತ್ತು.

"ನೋಡವಾ ತಂಗಿ," ಮುರಿಗೆಪ್ಪ ಬಶಿಯಲ್ಲಿದ್ದ ಚಹಾ ಸುರ್ರೆಂದು ಎಳೆದ. "ಖೋಲಿ ಇವತ್ತ ಇರ್ತದ, ನಾಳಿ ಮುನಿಸಿಪಾಲಿಟಿ ಬಂದು ಕೆಡವ್ತದ. ನಮ್ಮಂಥ ಗ್ಯಾಂಗೇ ಬಂದು ಕೆಡವ್ತದ. ಗುಡ್ಯಾಗಿನ ಫ್ಯಾನ್ ಯಾವಂವ ಕೆಡವ್ತಾನ?"

"ತಿರಗದ ಫ್ಯಾನ್ ತಗೊಂಡು ಏನ್ ಮಾಡೋದು, ಮಾವಾ?"

"ಹುಚ್ಚಿ! ತಿರಗಿದ್ರ ರೆಕ್ಕಿ ಮ್ಯಾಲಿನ ಹೆಸರು ಹ್ಯಾಂಗ ಓದ್ಲಕ್ಕ ಬರ್ತದ? ಕರೆಂಟ್ ಇಲ್ಲಂದ್ರ ಗಪ್ಪ ನಿಂತಿರ್ತದ. ಮಂದಿ ಆರಾಮ ಓದ್ತಾರ."

ದೈವವೆಲ್ಲ ತಲೆದೂಗಿತು. ಕರೆಂಟಿಲ್ಲದಿರುವುದೇ ಅನುಕೂಲ ಎಂಬುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಬಸವಂತರಾಯನಂತೂ ತನ್ನ ಮುಕಾದಮನ ಬುದ್ಧಿಗೆ ಬಾಯಿ ತೆರೆದು ಕೂತಿದ್ದ.

"ಮತ್ತ ನನ್ನ ಕುತ್ತಿಗಿ?"

"ಎಳ್ಳೆಣ್ಣಿ ತಿಕ್ಕೊ. ಇನ್ನೊಂದ್ ರೌಂಡ್ ಚಹಾ ಇಡು."

ಅವಳು ಚಹಾ ಇಡಲಿಲ್ಲ. ದೈವಕ್ಕೆ ಅದೊಂದೇ ತೀರ್ಪು ಸರಿಬರಲಿಲ್ಲ.

ಮರುದಿನ ಸಂಜೆ ರೊಟ್ಟಿಯ ಬುಟ್ಟಿ ಕೊಡಲು ಹೋದಾಗ ಗುರುಬಾಯಿ ಎಂಟು ಜನರ ಮುಂದೆ ನೇರ ಮಾತಿಟ್ಟಳು. ಒಂದು ತಿಂಗಳ ಊಟದ ಹಣ ಮುಂಗಡ ಬೇಕು. ಖೋಲಿ ಹಿಡಿಯುತ್ತೇನೆ, ರೊಟ್ಟಿಯ ಜತೆ ಪಲ್ಯೆ, ಬೇಳೆ, ಅನ್ನ ಎಲ್ಲ ಹಾಕುತ್ತೇನೆ.

ಅವರಲ್ಲಿ ದೊಡ್ಡವನಾದ ಮರೆಪ್ಪ ನಕ್ಕ. "ಯಕ್ಕಾ, ಹಿಂಗ ಹೇಳಿ ಫ್ಯಾನಿಗಿ ಪಟ್ಟಿ ಎತ್ಲಕತ್ತಿ ಏನು? ನಿನ್ನ ಗಂಡ ನಿನ್ನೆನೇ ಬಂದು ಹೋದ. ಒಬ್ಬೊಬ್ಬರು ಎರಡು ರೂಪಾಯಿ ಕೊಡ್ರಿ, ಪುಣ್ಯೇವು ಬರ್ತದ ಅಂದ."

"ಕೊಟ್ರೇನು?"

"ಪುಣ್ಯೇವು ಸಾಲ ತಗೊಂಡೀವಿ, ರೊಕ್ಕ ಆಮ್ಯಾಲ ಅಂದ್ವಿ."

"ನನಗ ಸಾಲ ನಡ್ಯಂಗಿಲ್ಲ. ಖೋಲಿ ಸಿಗಲಿಲ್ಲಂದ್ರ ಸೋಮವಾರ ನಾ ಮತ್ತ ಸಿಮೆಂಟ್ ಬುಟ್ಟಿ ಹೊರ್ಲಕ್ಕ ಹೋಗ್ತೀನಿ. ಕೈ ಬಿದ್ದ ದಿನ ನಿಮ್ಮ ರೊಟ್ಟಿನೂ ಬಂದ್. ಪಾವು ತಿನ್ಕೊಂತ ಕೂಡ್ರಿ."

ಪುಣ್ಯಕ್ಕೆ ಬಿಚ್ಚದ ಚಡ್ಡಿಕಿಸೆಗಳು ಪಾವಿನ ಹೆಸರು ಕೇಳಿ ಬಿಚ್ಚಿಕೊಂಡವು. ಒಬ್ಬ ಟ್ರಂಕು ತೆರೆದ, ಒಬ್ಬ ಕಾರ್ಖಾನೆಯ ಸೇಠನ ಹತ್ತಿರ ಪಗಾರದ ಮೇಲೆ ಮುಂಗಡ ತಂದ. ಸುಂದ್ರವ್ವ ಕೇಳಿದ್ದರಲ್ಲಿ ಮುಕ್ಕಾಲು ಪಾಲು ಕೂಡಿತು. ಉಳಿದದ್ದನ್ನು ತಿಂಗಳ ಮೇಲೆ ಒಯ್ಯುತ್ತೇನೆ ಎಂದು ಮುದುಕಿ ಕೀಲಿ ಕೊಟ್ಟಳು. "ಆ ಟೇಲರ್ ನನಗ 'ಅಜ್ಜಿ' ಅಂತಾನ, ಮುಖ ಮುರಿದಂಗ ಆಗ್ತದ," ಎಂಬುದು ಅವಳು ಕೊಟ್ಟ ಕಾರಣ.

ಭಾನುವಾರ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಫ್ಯಾನು ಬಂತು. ಬಸವಂತರಾಯ ತನ್ನ ಮದುವೆಯಲ್ಲೂ ನಡೆದು ಬಂದವನು, ಫ್ಯಾನಿಗೆ ಟ್ಯಾಕ್ಸಿ. ಒಂದು ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ಅವನ ಹೆಸರು, ಇನ್ನೊಂದರ ಮೇಲೆ ಊರಿನ ಹೆಸರು. ಮೂರನೆಯದರ ಮೇಲೆ 'ಮುರಿಗೆಪ್ಪ ಮುಕಾದಮರ ಪ್ರೇರಣೆಯಿಂದ' ಎಂದಿತ್ತು, ಉಳಿದೆರಡಕ್ಕಿಂತ ತುಸು ದಪ್ಪ ಅಕ್ಷರದಲ್ಲಿ. ಜೋಪಡಿಯ ತಗಡಿಗೆ ಫ್ಯಾನು ತೂಗು ಹಾಕಿದರೆ ಮನುಷ್ಯರು ತೆವಳಬೇಕಾಗುತ್ತದೆ. ಆದ್ದರಿಂದ ಊರಿಗೆ ಒಯ್ಯುವ ಮೊದಲಿನ ಪೂಜೆಗೆ ಅದನ್ನು ಗುರುಬಾಯಿಯ ಹಾಸಿಗೆಯ ಮೇಲೆ ಮಲಗಿಸಿ, ಹೂವೇರಿಸಿ, ಕುಂಕುಮ ಹಚ್ಚಿದರು. ದೈವ ಪೂರ್ತಿ ಹಾಜರಿತ್ತು.

"ತಂಗೀ, ಆರತಿ ತಾ. ಆಮ್ಯಾಲ ಊಟಕ್ಕೇನು ಮಾಡೀದಿ?" ಎಂದ ಮುರಿಗೆಪ್ಪ.

ಗುರುಬಾಯಿ ಆರತಿ ತರಲಿಲ್ಲ. ರೊಟ್ಟಿಯ ಹಂಚನ್ನು ಪರಾತದಲ್ಲಿಟ್ಟು, ಮೇಲೆ ತನ್ನ ಎರಡು ಸೀರೆ ಇಟ್ಟು, ಎಲ್ಲವನ್ನೂ ಬಗಲಿಗೇರಿಸಿದಳು. ತಲೆಯ ಮೇಲಿಡಲಿಲ್ಲ. ಗಂಡನ ಮುಂದೆ ಬಂದು ನಿಂತಳು.

"ಒಲಿ ಬಿಟ್ಟು ಹೋಗ್ಲಕತ್ತೀನಿ. ಹಸಿವಾದ್ರ ರೆಕ್ಕಿ ಓದ್ಕೊಂತ ಕೂಡು."

"ಲೇ, ನಾಲ್ಕು ಮಂದಿ ಮುಂದ ಮರ್ಯಾದಿ ಕಳೀಬ್ಯಾಡ!"

"ಅದಕ್ಕೂ ಬಣ್ಣ ಹಚ್ಚಸು. ಇನ್ನೊಂದು ರೆಕ್ಕಿ ಹತ್ತಿಸ್ಕೊ."

ಹೊರಗೆ ಬಂದಾಗ ಒಳಗಿನಿಂದ ಬಸವಂತರಾಯನ ಮಾತು ಕೇಳಿಸಿತು. "ಎಲ್ಲಿ ಹೋಗ್ತಾಳ ಬಿಡ್ರಿ. ಕತ್ತಲಾಗೂದ್ರಾಗ ಬರ್ತಾಳ." ದೈವ ಇದಕ್ಕೂ ತಲೆದೂಗಿರಬೇಕು.

ಮಧ್ಯಾಹ್ನದ ಹೊತ್ತಿಗೆ ಮೂಲೆಯ ಖೋಲಿಯಲ್ಲಿ ಒಲೆ ಉರಿಯುತ್ತಿತ್ತು. ಮರೆಪ್ಪನ ಜನ ಎಂಟೂ ಮಂದಿ ಗೋಡೆಗೆ ಸಾಲಾಗಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಹಣೆಗೆ ಫ್ಯಾನಿನ ಕುಂಕುಮ ಹಚ್ಚಿಕೊಂಡ ದೈವವೂ ಒಬ್ಬೊಬ್ಬರಾಗಿ, ಒಬ್ಬರನ್ನೊಬ್ಬರು ನೋಡದವರಂತೆ, ಆ ದಾರಿಯಲ್ಲಿ ಸುಳಿಯಿತು. ಹೊಟ್ಟೆಗೆ ಪ್ರೇರಣೆ ಬೇಕಾಗುವುದಿಲ್ಲ. ಕೊನೆಗೆ ಬಂದವನು ಮುರಿಗೆಪ್ಪ.

"ತಿಂಗಳದ್ದೋ, ಒಂದ್ ಹೊತ್ತಿಂದೋ?" ಎಂದು ಗುರುಬಾಯಿ ಕೇಳಿದಳು.

"ನನಗೂ ರೊಕ್ಕ ಕೇಳ್ತಿ ಏನವಾ?"

"ಮೊದಲು ಕೊಡ್ರಿ, ಆಮ್ಯಾಲ ಕೂಡ್ರಿ."

ಮುಕಾದಮ ಕೊಟ್ಟ, ಕೂತ. ಎರಡು ರೊಟ್ಟಿ ಒಳಗಿಳಿದ ಮೇಲೆ ಹಿರಿತನ ಮರಳಿ ಬಂತು. "ತಂಗೀ, ಅಂವ ಉಪಾಸ ಕುಂತಾನ. ಆತಲ್ಲ ನಿನ್ನ ಹಟ. ಯಾವಾಗ ಮನಿಗಿ ಹೋಗ್ತಿ?"

ಗುರುಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಇನ್ನೊಂದು ನೀಡ್ಲೇನು?"

"ನೀಡು," ಎಂದ ಮುರಿಗೆಪ್ಪ.

ನೀಡಿದಳು. ಕತ್ತಲಾಯಿತು. ಅವಳು ಹೋಗಲಿಲ್ಲ, ಅಂದೂ ಇಲ್ಲ, ಮುಂದೆಂದೂ ಇಲ್ಲ.